ಖಾಲಿ ಬಿಟ್ಟ ಸಾಲು

ಚನ್ನಪಟ್ಟಣ
೧೭ ನವೆಂಬರ್ ೨೦೨೫, ಸೋಮವಾರ

ಪ್ರೀತಿಯ ಮಹೇಂದ್ರ,

ಅತ್ತಿಗೆಯ ಆಶೀರ್ವಾದ. ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಅಂಡಮಾನಿನಲ್ಲಿ ಗೋಡೆಯೂ ಬೆವರುತ್ತದೆ ಎಂದು ನೀನೇ ಒಂದು ಸಲ ಹೇಳಿದ್ದೆ, ಅಂಥ ಕಡೆ ಮಂಡಿ ಹೇಗೆ ಸರಿಹೋದೀತು. ಲಾಡ್ಜಿನ ಜನರೇಟರ್ ರೂಮಿನ ಪಕ್ಕದಲ್ಲೇ ಮಲಗುತ್ತಿದ್ದೆಯಲ್ಲ, ಅದನ್ನು ಬಿಟ್ಟೆಯೋ ಇಲ್ಲವೋ? ಕಿವಿ ಹಾಳಾಗುತ್ತದೆ. ನಮ್ಮ ಮನೆಯಲ್ಲಿ ಶ್ರುತಿ ಹಿಡಿಯುವ ಕಿವಿ ಇದ್ದದ್ದು ನಿನಗೊಬ್ಬನಿಗೇ, ನಿಮ್ಮಣ್ಣನಿಗೂ ಇರಲಿಲ್ಲ. ಊಟಕ್ಕೆ ಏನು ಮಾಡಿಕೊಳ್ಳುತ್ತೀಯ? ರಾಗಿ ಹಿಟ್ಟು ಕಳಿಸೋಣ ಎಂದುಕೊಂಡೆ. ಹಡಗಿನಲ್ಲಿ ಹೋಗುವಷ್ಟರಲ್ಲಿ ಹುಳ ಬೀಳುತ್ತದೆ ಎಂದು ಚೆಲುವಯ್ಯ ಹೆದರಿಸಿದ್ದಕ್ಕೆ ಬಿಟ್ಟೆ.

ಫೋನ್ ಇಟ್ಟುಕೊಂಡು ಈ ಕಾಲದಲ್ಲಿ ಕಾಗದ ಯಾಕೆ ಬರೆಯುತ್ತಿದ್ದಾಳೆ ಎಂದು ನೀನು ಹುಬ್ಬು ಗಂಟಿಕ್ಕಿಕೊಂಡಿರುತ್ತೀಯ. ಫೋನಿನಲ್ಲಿ ನೀನು ಹೂಂ ಅನ್ನುತ್ತೀಯ, ಅದಕ್ಕೆ. ನಿಮ್ಮಣ್ಣನ ಹೆಸರು ಬಂತೆಂದರೆ ಸಿಗ್ನಲ್ ಹೋಗಿಬಿಡುತ್ತದೆ. ಅಷ್ಟು ದೊಡ್ಡ ಸಮುದ್ರ ದಾಟಿ ಬರುವ ಸಿಗ್ನಲ್ಲಿಗೆ ನಿಮ್ಮಣ್ಣನ ಹೆಸರೇ ಹೇಗೆ ಅಡ್ಡ ಬರುತ್ತದೋ ಕಾಣೆ. ಅವರು ಹೋಗಿಬಿಟ್ಟರು ಎಂದು ಹೇಳಿದ ದಿನವೂ “ಸರಿ ಅತ್ಗೆ” ಅಂದು ಇಟ್ಟುಬಿಟ್ಟೆ. ನಾನು ಬೇಜಾರು ಮಾಡಿಕೊಂಡಿಲ್ಲ, ನಿಜವಾಗಿಯೂ. ಬೇಜಾರಾಗುವುದಕ್ಕಾದರೂ ಒಳಗೆ ಏನಾದರೂ ಮಿಸುಕಾಡಬೇಕಲ್ಲ. ದಸರಾ ಮುಗಿದ ಮರುವಾರ ಅವರನ್ನು ಮಣ್ಣು ಮಾಡಿ ಬಂದಾಗಿನಿಂದ ನನ್ನೊಳಗೆ ಏನೂ ಮಿಸುಕಿಲ್ಲ. ಕಾಗದಕ್ಕೆ ನೀನು ಹೂಂ ಅಂದು ಇಟ್ಟುಬಿಡುವ ಹಾಗಿಲ್ಲ. ಕೊನೆಯ ತನಕ ಓದು.

ಮನೆಯಲ್ಲಿ ಎಲ್ಲರೂ ಎದ್ದು ಕೂತು ಓಡಾಡಿಕೊಂಡಿದ್ದೇವೆ. ನಿನ್ನನ್ನು ಫೋಟೋದಲ್ಲಷ್ಟೇ ನೋಡಿರುವ ನಮ್ಮ ಅಮೂಲ್ಯ ಈಗ ಬಿ.ಕಾಂ. ಎರಡನೇ ವರ್ಷ. ದಿನಾ ಬಸ್ಸಿನಲ್ಲಿ ರಾಮನಗರಕ್ಕೆ ಹೋಗಿಬರುತ್ತಾಳೆ. ಅಪ್ಪನ ಶರ್ಟು ಹಾಕಿಕೊಂಡು ಕಾಲೇಜಿಗೆ ಹೋಗುತ್ತಾಳೆ, ಅದೇ ಫ್ಯಾಷನ್ನಂತೆ, ನಾನು ಕೇಳಲಿಲ್ಲ. ಗೊಂಬೆ ಕೆಲಸ ನಿಂತಿಲ್ಲ. ನಿಮ್ಮಣ್ಣ ಕೂರುತ್ತಿದ್ದ ಲೇತಿನ ಮುಂದೆ ಈಗ ನಿಮ್ಮ ಡ್ರಮ್ಮರ್ ಚೆಲುವಯ್ಯ ಕೂರುತ್ತಾನೆ, ಅವನು ಕಡೆದುಕೊಟ್ಟದ್ದಕ್ಕೆ ನಾನು ಅರಗು ಹಿಡಿದು ಬಣ್ಣ ಕೂರಿಸುತ್ತೇನೆ. ಮೊನ್ನೆ ಒಂದು ಬುಟ್ಟಿ ಬುಗುರಿಗೆ ಕೆಂಪು ಬಳಿಯುವ ಕಡೆಯೆಲ್ಲ ಹಸಿರು ಬಳಿದಿದ್ದೆ. ಚೆಲುವಯ್ಯ ನೋಡಿ ಬುಟ್ಟಿಯನ್ನು ಹಾಗೇ ಪಕ್ಕಕ್ಕಿಟ್ಟ. ಹಿಂದೆ ಆಗಿದ್ದರೆ ಇಡೀ ಬೀದಿಗೆ ಕೇಳುವ ಹಾಗೆ ನಗುತ್ತಿದ್ದವನು, ಈಗ ನನ್ನ ಮುಂದೆ ಆಸ್ಪತ್ರೆಯಲ್ಲಿ ನಡೆದಾಡಿದ ಹಾಗೆ ನಡೆದಾಡುತ್ತಾನೆ. ಪಕ್ಕದ ಮನೆ ಬೋರಮ್ಮ ಒಬ್ಬಳೇ ಮೊದಲಿನ ಹಾಗೆ ಇರುವುದು. ನಮ್ಮ ಬಾಗಿಲ ಮೇಲಿನ ಬಲ್ಬು ಹಗಲು ಹೊತ್ತೂ ಉರಿಯುತ್ತದೆ ಎಂದು ದಿನಾ ಬೈಯುತ್ತಾಳೆ: “ಏನಮ್ಮೀ, ಕರೆಂಟೇನು ನಿಮ್ಮಪ್ಪನ ಮನೆ ಬಾವಿ ನೀರಾ?” ಸ್ವಿಚ್ಚು ಕೆಟ್ಟಿದೆ ಎಂದು ಹೇಳಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನೆ ರಾಮನಗರದಲ್ಲಿ ನಿಮ್ಮಣ್ಣನ ನೆನಪಿಗೆ ಅಂತ, ಅವರನ್ನು ಮುನಿಯಣ್ಣ ಎಂದು ಕರೆಯುವ ಬ್ಯಾಂಡಿನ ಹುಡುಗರೆಲ್ಲ ಸೇರಿ ಒಂದು ಕಾರ್ಯಕ್ರಮ ಮಾಡಿದರು. ಎಲ್ಲಿ ಗೊತ್ತೇ? ಗುಲ್ಜಾರ್ ಬೀ ಅವರ ರೇಷ್ಮೆ ಬಿಚ್ಚುವ ಶೆಡ್ಡಿನ ಅಂಗಳದಲ್ಲಿ. ಅವತ್ತೊಂದು ದಿನ ಕೆಲಸ ನಿಲ್ಲಿಸಿ ಜಾಗ ಬಿಟ್ಟುಕೊಟ್ಟರು. ಬೇಯಿಸಿದ ಗೂಡಿನ ವಾಸನೆ ಮಾತ್ರ ಕೆಲಸ ನಿಲ್ಲಿಸಿರಲಿಲ್ಲ. ಬೆಂಗಳೂರಿನಿಂದ ಬಂದಿದ್ದ ನಾಲ್ಕಾರು ಜನ ಮೂಗಿಗೆ ಕರ್ಚೀಫು ಒತ್ತಿಕೊಂಡೇ ಚಪ್ಪಾಳೆ ತಟ್ಟಿದರು. ಎಷ್ಟು ಜನ ಬಂದಿದ್ದರು ಅಂತೀಯ! ನಿಮ್ಮ ಬುಗುರಿ ಬ್ಯಾಂಡು ನಿಜವಾಗಿ ಹಾಡುತ್ತಿದ್ದ ಕಾಲದಲ್ಲಿ ಅದರಲ್ಲಿ ಕಾಲು ಭಾಗ ಬಂದಿದ್ದರೂ ನಿಮ್ಮಣ್ಣ ಹಾರಾಡುತ್ತಿದ್ದರು. ಗಣೇಶನ ಪೆಂಡಾಲುಗಳಲ್ಲಿ ನೀವು ನಿಮ್ಮ ಸ್ವಂತ ಹಾಡು ಎತ್ತಿದ ಕೂಡಲೇ ಜನ “ಸಿನಿಮಾ ಹಾಡು ಹಾಡ್ರಲಾ” ಎಂದು ಕೂಗುತ್ತಿದ್ದುದು ನೆನಪಿದೆಯೇ? ಆ ಕೂಗುತ್ತಿದ್ದವರ ಮಕ್ಕಳೇ ನಿನ್ನೆ ಬಂದಿದ್ದವರು. ನಿಮ್ಮ ಕ್ಯಾಸೆಟ್ಟು ಕೊಂಡವರಿಗಿಂತ ಅದನ್ನು ಕೇಳಿ ಬ್ಯಾಂಡು ಕಟ್ಟಿದವರೇ ಜಾಸ್ತಿ ಎಂದು ಚೆಲುವಯ್ಯ ಗೊಣಗಿದ.

ನಿಮ್ಮ ಬಗ್ಗೆ ಅವರೆಲ್ಲ ಏನೇನು ನಂಬಿಕೊಂಡಿದ್ದಾರೆ ಎಂದು ಕೇಳಿದರೆ ನಿನಗೂ ನಗು ಬರುತ್ತದೆ, ಬರಲಿ ಎಂದೇ ಬರೆಯುತ್ತಿದ್ದೇನೆ. ಕ್ಯಾಸೆಟ್ಟಿನ ಕಾಲ ಮುಗಿಯುತ್ತಾ ಬಂದಿದ್ದರೂ ನಿಮ್ಮಣ್ಣ ಸಿ.ಡಿ. ಬೇಡ, ಕ್ಯಾಸೆಟ್ಟೇ ಇರಲಿ ಎಂದು ಹಠ ಹಿಡಿದಿದ್ದು ಪ್ರೈವೇಟ್ ಬಸ್ಸುಗಳಿಗಾಗಿ ತಾನೇ? ಡ್ರೈವರುಗಳಿಗೆಲ್ಲ ಒಂದೊಂದು ಕೊಟ್ಟುಬಂದಿದ್ದರು. ಮಾಗಡಿ ರೂಟಿನ ಬಸ್ಸಿನಲ್ಲಿದ್ದ ಟೇಪು ಒಸಿ ಜೋರಾಗಿ ತಿರುಗುತ್ತಿತ್ತು. ಅದರಿಂದ ನಿಮ್ಮಿಬ್ಬರ ಗಂಟಲೂ ಎಳಸಾಗಿ, ಎತ್ತರವಾಗಿ ಕೇಳುತ್ತಿತ್ತು. ಮಾಗಡಿ ಹುಡುಗರು ಇವತ್ತಿಗೂ ನಿಮ್ಮ ಹಾಡುಗಳನ್ನು ಆ ಎತ್ತರದಲ್ಲೇ, ಕತ್ತಿನ ನರ ಉಬ್ಬಿಸಿಕೊಂಡು ಹಾಡುತ್ತಾರೆ. ಅದೇ ಮೂಲ ಶ್ರುತಿ ಎಂದು ಕನಕಪುರದವರ ಜೊತೆ ಜಗಳಕ್ಕೂ ನಿಲ್ಲುತ್ತಾರೆ. ಇನ್ನು ಡ್ರಮ್ಮಿನ ಕಡ್ಡಿ. ಹೊಸದಾಗಿ ಬ್ಯಾಂಡು ಕಟ್ಟಿದೆವು ಎಂದು ಯಾರೇ ಬರಲಿ, ನಿಮ್ಮಣ್ಣ ಲೇತಿನ ಮುಂದೆ ಕೂತು ಒಂದು ಜೊತೆ ಕಡ್ಡಿ ಕಡೆದು, ಕೆಂಪು ಹಳದಿ ಪಟ್ಟೆ ಹಾಕಿಸಿ ಕೊಟ್ಟೇ ಕಳಿಸುತ್ತಿದ್ದರು. ಎಲ್ಲ ಹಾಲೆ ಮರದವು. ಗೊಂಬೆಗೆ ಬರುವ ಮೆದು ಮರ, ಎರಡು ಏಟು ಬಲವಾಗಿ ಬಿದ್ದರೆ ಮುರಿಯುತ್ತದೆ. ಗಟ್ಟಿ ಮರ ಹಾಕಿ ಅಂದರೆ “ನಮ್ಮ ಮರ ಬುಟ್ಟು ಬ್ಯಾರೇದು ಯಾಕೆ?” ಅನ್ನುತ್ತಿದ್ದರು. ಅಣ್ಣ ಕೊಟ್ಟದ್ದು ಮುರಿಯಬಾರದಲ್ಲ, ಪಾಪ, ಹುಡುಗರು ಅಂಚಿನ ಮೇಲೆ ಚಿಟಚಿಟ ಅನ್ನುವ ಹಾಗೆ ಹಗುರವಾಗಿ ಬಾರಿಸುವುದನ್ನು ಅಭ್ಯಾಸ ಮಾಡಿಕೊಂಡರು. ಈಗ ಅದೇ ನಮ್ಮ ಸೀಮೆಯ ತಾಳವಂತೆ. ಬೆಂಗಳೂರಿನಿಂದ ಬಂದಿದ್ದ ಒಬ್ಬರು, ಇಂಟರ್‌ನೆಟ್ಟಿನಲ್ಲಿ ಸಂಗೀತದ ಬಗ್ಗೆ ಬರೆಯುವವರು, ಮೈಕಿನಲ್ಲಿ ಅದನ್ನು ಹೇಳಿ ಹೇಳಿ ಹೊಗಳಿದರು. ಚೆಲುವಯ್ಯ ಮುಖ ತಗ್ಗಿಸಿ ನೆಲ ನೋಡುತ್ತಿದ್ದ, ನಗು ತಡೆಯಲಾಗದೆ ಭುಜ ಅಲ್ಲಾಡುತ್ತಿತ್ತು. ಅವನು ಅಳುತ್ತಿದ್ದಾನೆ ಎಂದುಕೊಂಡು ಯಾರೋ ಹೆಗಲು ಸವರಿದರು.

ನೀವು ಮಾಡುತ್ತಿದ್ದುದಕ್ಕೆ ಪವರ್ ಪಾಪ್ ಅಂತ ಹೆಸರು ಎಂದು ಹೇಳಿದ್ದೂ ಅವರೇ. ಎರಡು ವರ್ಷದ ಹಿಂದೆ ಮನೆಗೆ ಬಂದಿದ್ದಾಗಲೂ ಹೇಳಿದ್ದರು: ಗಿಟಾರು ಜೋರು, ರಾಗ ಸಲೀಸು, ಹಾಡು ಚಿಕ್ಕದು, ಜೊತೆಯಲ್ಲಿ ಎರಡು ಗಂಟಲು. ನಿಮ್ಮಣ್ಣ ಬಾಯಿ ಬಿಟ್ಟುಕೊಂಡು ಕೇಳಿ, “ಇದಕ್ಕೆ ಹೆಸ್ರು ಬೇರೆ ಐತಾ ಸಾರ್? ಮೊದ್ಲೇ ಗೊತ್ತಿದ್ರೆ ಬೋರ್ಡ್ ಬರೆಸ್ಕೋಬೋದಾಗಿತ್ತು” ಅಂದಿದ್ದರು. ಹಾಡು ಯಾಕೆ ಅಷ್ಟು ಚಿಕ್ಕದು ಎಂದು ಕೇಳಿದ್ದಕ್ಕೆ, ಬಿಡದಿ ಸ್ಟಾಪಿನಲ್ಲಿ ಹತ್ತಿದವನು ರಾಮನಗರದಲ್ಲಿ ಇಳಿಯುವಷ್ಟರಲ್ಲಿ ಮೂರು ಹಾಡಾದರೂ ಅವನ ಕಿವಿಗೆ ಬೀಳಬೇಡವೇ ಅಂದರು. ಈಗ ನಾಲ್ಕು ತಾಲ್ಲೂಕಿನ ಬ್ಯಾಂಡುಗಳಲ್ಲಿ ಯಾರೂ ಉದ್ದದ ಹಾಡು ಮಾಡುವುದಿಲ್ಲ. ಸ್ವಂತ ಹಾಡುಗಳಲ್ಲೂ ಬಸ್ಸು, ಕ್ಲೀನರು, ಕಿಟಕಿ ಸೀಟು ಬಂದೇ ಬರುತ್ತವೆ. ಒಬ್ಬ ಹುಡುಗ ನಿಮ್ಮಣ್ಣನ ಹಾಗೆ ಎಡಗಡೆ ತಲೆ ವಾಲಿಸಿಕೊಂಡು ಹಾಡಿದ. ಅವರಿಗೆ ಕತ್ತು ಹಿಡಿದುಕೊಂಡಿತ್ತು, ಲೇತಿನ ಮುಂದೆ ಕೂತು ಕೂತು. ಆ ಹುಡುಗನಿಗೆ ಏನು ನೋವೋ.

ಎಲ್ಲ ಬ್ಯಾಂಡಿನವರೂ ಕೊನೆಗೆ ಹಾಡಿದ್ದು ‘ಕೊನೆ ಬಸ್ಸು’ ಹಾಡನ್ನೇ. ಅಲ್ಲಿಗೆ ಬರುತ್ತೇನೆ ಎಂದು ನಿನಗೆ ಗೊತ್ತಿತ್ತು ತಾನೇ? ಓದುವುದನ್ನು ನಿಲ್ಲಿಸಬೇಡ. “ಕೊನೆ ಬಸ್ಸು ಹೋಗ್ಬುಡ್ತು, ಹೆಂಗೆ ಬರ್ಲಿ ನಾನು?” ಎಂದು ನಿಮ್ಮಣ್ಣ ಕೇಳುವ ಸಾಲು. ಅದಾದ ಮೇಲೆ ಕ್ಯಾಸೆಟ್ಟಿನಲ್ಲಿ ಒಂದು ಸಾಲು ಹಾಡುವಷ್ಟು ಹೊತ್ತು ಯಾರ ಗಂಟಲೂ ಇಲ್ಲ, ಆಮೇಲೆ ಅವರು ಎರಡನೇ ಚರಣ ಎತ್ತುತ್ತಾರೆ. ಕ್ಯಾಸೆಟ್ಟು ಬಂದ ಮೇಲೆ ಅವರು ಎಲ್ಲಿ ಹಾಡಿದರೂ ಆ ಜಾಗ ಬಂದಾಗ ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದು, ತಂತಿಗಳ ಮೇಲೆ ಅಂಗೈ ಇಟ್ಟು, ತಲೆ ಬಗ್ಗಿಸಿ ನಿಲ್ಲುತ್ತಿದ್ದರು. ನೀನು ನೋಡಿಲ್ಲ, ಅದಕ್ಕೆ ಹೇಳುತ್ತಿದ್ದೇನೆ. ನೋಡಿದ ಹುಡುಗರು ಅದನ್ನೂ ಕಲಿತರು. ನಿನ್ನೆ ಒಬ್ಬರಾದ ಮೇಲೆ ಒಬ್ಬರು, ಮಾಗಡಿಯವರು, ಕನಕಪುರದವರು, ಎಲ್ಲರೂ ಅಲ್ಲಿಗೆ ಬಂದು ಒಂದು ಹೆಜ್ಜೆ ಹಿಂದೆ ಸರಿದರು, ತಲೆ ಬಗ್ಗಿಸಿದರು. ಕೂತಿದ್ದ ಜನರೂ ತಲೆ ಬಗ್ಗಿಸಿದರು. ಅದು ಎಂಥಾ ಕಲ್ಪನೆ, ಎಂಥಾ ಧೈರ್ಯ, ಹಾಡಿನ ನಡುವೆ ಹಾಗೆ ಖಾಲಿ ಬಿಡುವುದಕ್ಕೆ ಎಂದು ಆ ಬೆಂಗಳೂರಿನವರು ಹೇಳಿದರು. ಅಷ್ಟೂ ಹೊತ್ತು ಜನ ನನ್ನ ಮುಖವನ್ನೇ ನೋಡುತ್ತಿದ್ದರು, ಈಗ ಅಳುತ್ತಾಳೆ, ಈಗ ಅಳುತ್ತಾಳೆ ಎಂದು. ಗ್ಯಾಸ್ ಆಫ್ ಮಾಡಿ ಬಂದೆನೋ ಇಲ್ಲವೋ ಎಂದು ನಾನು ಯೋಚಿಸುತ್ತಿದ್ದೆ. ಅಲ್ಲಿ ಏನಿತ್ತು ಎಂದು ಗೊತ್ತಿದ್ದವರು ಅಷ್ಟು ಜನರಲ್ಲಿ ನಾನು, ಚೆಲುವಯ್ಯ, ಗುಲ್ಜಾರ್ ಬೀ, ಮೂರೇ ಜನ.

ಮಹೇಂದ್ರ, ಆ ದಿನದ ಮಾತನ್ನು ಇಷ್ಟು ವರ್ಷ ನಾವಿಬ್ಬರೂ ಆಡಿಲ್ಲ. ಇವತ್ತು ನಾನು ಕಂಡದ್ದನ್ನು ಬರೆದುಬಿಡುತ್ತೇನೆ. ನಾನು ಕೂಟಗಲ್ಲಿನಿಂದ ಮದುವೆಯಾಗಿ ಬಂದ ಹೊಸತು. ಮಾವನವರು ಎದೆನೋವೆಂದು ಮಂಡ್ಯದ ಆಸ್ಪತ್ರೆಯಲ್ಲಿದ್ದರು, ಹುಷಾರಾಗುತ್ತಿದ್ದಾರೆ ಎಂದು ಡಾಕ್ಟರು ಹೇಳಿದ್ದಕ್ಕೇ ನೀವು ರೆಕಾರ್ಡಿಂಗಿಗೆ ಹೋದದ್ದು. ಗುಲ್ಜಾರ್ ಬೀ ಅವರ ಅಟ್ಟದಲ್ಲಿ ಗೂಡಿನ ಮೂಟೆಗಳನ್ನು ಗೋಡೆಗೆ ಒರಗಿಸಿ, ಸದ್ದು ಹೊರಗೆ ಹೋಗದ ಹಾಗೆ ಮಾಡಿಕೊಂಡಿದ್ದಿರಿ. ಆ ಮೂಟೆಗಳು ಅಲ್ಲಿ ಇರುತ್ತಿದ್ದುದು ಅದೊಂದೇ ದಿನ, ಮಾರನೆಯ ದಿನ ಕೆಳಗಿಳಿಸಿ ಬೇಯಿಸಲೇಬೇಕಿತ್ತು, ಇಲ್ಲದಿದ್ದರೆ ಚಿಟ್ಟೆ ಹೊರಬಂದು ಗೂಡು ಹಾಳು. ಮಧ್ಯಾಹ್ನ ಮಾವನವರಿಗೆ ಜಾಸ್ತಿಯಾಯಿತು. ಇಬ್ಬರೂ ತಕ್ಷಣ ಹೊರಟು ಬನ್ನಿ ಎಂದು ಆಸ್ಪತ್ರೆಯಿಂದ ನಾನೇ ಗುಲ್ಜಾರ್ ಬೀ ಮನೆಗೆ ಫೋನ್ ಮಾಡಿದೆ. ಫೋನ್ ತೆಗೆದುಕೊಂಡವರು ನಿಮ್ಮಣ್ಣ. ಬತ್ತೀವಿ ಅಂದರು. ಅಟ್ಟಕ್ಕೆ ಹೋಗಿ ನಿನಗೆ ಏನೂ ಹೇಳದೆ, ಇನ್ನೊಂದು ಹಾಡು ಮುಗಿಸಿಬಿಡೋಣ ಅಂದರು. ನಾನು ಮತ್ತೆ ಫೋನ್ ಮಾಡಿದಾಗ ಗುಲ್ಜಾರ್ ಬೀ ತೆಗೆದುಕೊಂಡರು, ಗಾಬರಿಯಿಂದ ಅಟ್ಟ ಹತ್ತಿ ನಿನಗೆ ಹೇಳಿದರು. ನಿಮ್ಮಣ್ಣ ಆಗಷ್ಟೇ ಹೆಂಗೆ ಬರ್ಲಿ ನಾನು ಎಂದು ಹಾಡಿ, ಮುಂದಿನ ನಿನ್ನ ಸಾಲಿಗೆಂದು ನಿನ್ನ ಕಡೆ ತಿರುಗಿದ್ದರಂತೆ. ನೀನು ಹೆಡ್‌ಫೋನ್ ಕಳಚಿಟ್ಟು ಇಳಿದು ಓಡಿದೆ. ಅವರು ಹಾಡು ನಿಲ್ಲಿಸಲಿಲ್ಲ. ನೀನು ಮಂಡ್ಯ ಮುಟ್ಟುವ ಮೊದಲೇ ಮಾವ ಹೋಗಿದ್ದರು.

ಅವರು ಮಾಡಿದ್ದು ತಪ್ಪು. ಅವತ್ತೇ ಅವರ ಮುಖಕ್ಕೆ ಹೇಳಿದ್ದೆ, ಈಗಲೂ ಹೇಳುತ್ತೇನೆ, ಸತ್ತುಹೋದರು ಎಂದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ. ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದ್ದಕ್ಕೆ, “ನಿಲ್ಸಿದ್ರೆ ಎಲ್ಲಾ ನಿಂತೋಗೋದು ಶಾಲಿನಿ” ಅಂದರು, ಅಷ್ಟೇ. ತಿಥಿ ಮುಗಿಸಿ ನೀನು ಹೊರಟುಹೋದೆ. ಮೊದಲು ಹುಬ್ಬಳ್ಳಿ, ಆಮೇಲೆ ವಿಶಾಖಪಟ್ಟಣ, ಕೊನೆಗೆ ಅಂಡಮಾನು. ಚೆಲುವಯ್ಯ ಆ ಜಾಗದಲ್ಲಿ ತಾನು ಹಾಡುತ್ತೇನೆ, ಬೇರೆ ಕಡೆ ರೆಕಾರ್ಡ್ ಮಾಡಿ ಸೇರಿಸಿಬಿಡೋಣ ಎಂದು ಎಷ್ಟು ಸಲ ಕೇಳಿದನೋ. ನಿಮ್ಮಣ್ಣ ಒಪ್ಪಲಿಲ್ಲ, ಹಾಗೇ ಕ್ಯಾಸೆಟ್ಟು ಮಾಡಿಸಿದರು. ಆ ಖಾಲಿ ಜಾಗವನ್ನೇ ಇಷ್ಟು ಜನ ಬಾಯಿಪಾಠ ಮಾಡಿಕೊಂಡಿರುವುದು. ನಿನ್ನೆ ಗುಲ್ಜಾರ್ ಬೀ ನನ್ನ ಕೈಗೆ ಟೀ ಕೊಡುತ್ತಾ, “ಬೇಟಿ, ಆ ದಿನ ನಾನು ಅಟ್ಟ ಹತ್ತಿದ್ದು ಸರಿನಾ, ತಪ್ಪಾ? ಇವತ್ತಿಗೂ ನಂಗೆ ಗೊತ್ತಾಗ್ಲಿಲ್ಲ” ಅಂದರು. ಅವರಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ನೀವು ಹತ್ತಿದ್ದು ಸರಿ ಎಂದೆ. ಮಹೇಂದ್ರ ಬಂದಿದ್ದಾನಾ ಎಂದು ಕೇಳಿದರು. ಟೀ ಚೆನ್ನಾಗಿದೆ ಎಂದೆ.

ನಿಮ್ಮಣ್ಣನ ಕೊನೆಯ ದಿನಗಳನ್ನು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಯುಗಾದಿ ಆದ ಮೇಲೆ ಸ್ಟ್ರೋಕ್ ಆಯಿತಲ್ಲ, ಬಲಗೈ ಹೋಯಿತು, ಮಾತು ಪೂರ್ತಿ ಹೋಯಿತು. ಹಾಡು ಮಾತ್ರ ಹೋಗಲಿಲ್ಲ. ಹಾಗಾಗುವುದುಂಟು, ಮಾತಿಗೆ ಒಂದು ದಾರಿ, ಹಾಡಿಗೆ ಇನ್ನೊಂದು ದಾರಿ ಎಂದು ಡಾಕ್ಟರು ಹೇಳಿದರು. ನೀರು ಎಂದು ಕೇಳಲು ಬಾರದ ಮನುಷ್ಯ ನಿಮ್ಮ ಕ್ಯಾಸೆಟ್ಟಿನ ಹಾಡನ್ನು ಒಂದಕ್ಷರ ತಪ್ಪದೆ ಹಾಡುತ್ತಿದ್ದರು. ಸರಿ, ಮನೆ ನಡೆದದ್ದೇ ಆ ಹಾಡುಗಳ ಮೇಲೆ. ಬಾಯಾರಿದರೆ ಕಣ್ವ ಡ್ಯಾಮಿನ ಹಾಡು. ಹೊಟ್ಟೆ ಹಸಿದರೆ ಮದ್ದೂರು ವಡೆ ಮಾರುವವನ ಹಾಡು. ಟಾಯ್ಲೆಟ್ಟಿಗೆ ಹೋಗಬೇಕೆಂದರೆ ಏನು ಹಾಡುತ್ತಿದ್ದರು ಹೇಳು ನೋಡೋಣ? “ಹೋಲ್ಡಾನ್ ಕಂಡಕ್ಟರಣ್ಣ.” ಅಮೂಲ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಅವರೂ ಅರ್ಧ ಬಾಯಿಯಲ್ಲೇ ನಗುತ್ತಿದ್ದರು. ನೋಡಲು ಬಂದ ಹುಡುಗರು ಮಂಚದ ಸುತ್ತ ಕೂತು ಹಾಡಿಗೆ ಹಾಡು ಸೇರಿಸುತ್ತಿದ್ದರು. ಹಾಗೆ ಬರುತ್ತಿದ್ದವರಲ್ಲಿ ಕೋಡಿಹಳ್ಳಿ ಕಡೆಯ ಅಣ್ಣ ತಂಗಿ ಇಬ್ಬರು, ಬೀರೇಶ್ ಮತ್ತು ನಯನ. ಕುರಿ ಸಾಕುವ ಮಾಯಣ್ಣನವರ ಮಕ್ಕಳು. ಮಂದೆ ಮೇಯಲು ಬಿಟ್ಟು ಬಂಡೆ ಮೇಲೆ ಕೂತು ಅಭ್ಯಾಸ ಮಾಡುತ್ತಾರಂತೆ. ಬೀರೇಶ ಗಿಟಾರು, ಹುಡುಗಿ ಹಾಡುತ್ತಾಳೆ. ಆ ಹುಡುಗಿಯ ಗಂಟಲು ಕೇಳಿದರೆ ನೀನು ಕೂಡ ಸಿಗ್ನಲ್ ಇಲ್ಲ ಎನ್ನುವುದಿಲ್ಲ.

ಅವಳದ್ದೇ ಈಗಿನ ಸಮಸ್ಯೆ. ಬರುವ ತಿಂಗಳ ಮೊದಲ ಭಾನುವಾರ ಹುಡುಗರೆಲ್ಲ ಸೇರಿ ‘ಕೊನೆ ಬಸ್ಸು’ ಹಾಡನ್ನು ಹೊಸದಾಗಿ ರೆಕಾರ್ಡ್ ಮಾಡುತ್ತಾರೆ. ಅದೇ ಅಟ್ಟ, ಅದೇ ಥರ ಗೂಡಿನ ಮೂಟೆ. ಗುಲ್ಜಾರ್ ಬೀ ಒಪ್ಪಿದ್ದಾರೆ. ನಿನ್ನೆ ಎಲ್ಲ ಮುಗಿದು ಕುರ್ಚಿ ಮಡಚುತ್ತಿದ್ದಾಗ ನಯನ ನನ್ನ ಹತ್ತಿರ ಬಂದು ಪಕ್ಕದಲ್ಲಿ ಕೂತಳು. “ಅಕ್ಕ, ನಂಗ್ಯಾಕೋ ಅಲ್ಲಿ ಏನೋ ಇತ್ತು ಅನ್ಸುತ್ತೆ. ಹೆಂಗೆ ಬರ್ಲಿ ಅಂತ ಮುನಿಯಣ್ಣ ಕೇಳ್ತಾರೆ, ಯಾರೂ ಏನೂ ಹೇಳಲ್ಲ, ಹಂಗಿರಾಕಾಯ್ತದಾ? ಏನಾದ್ರೂ ಇದ್ರೆ ಹೇಳಿ, ನಾನು ಹಾಡ್ತೀನಿ” ಅಂದಳು. ಹಿಂದೆ ನಿಂತಿದ್ದ ಬೀರೇಶನಿಗೆ ಸಿಟ್ಟು ಬಂತು. “ಬಾಯ್ಮುಚ್ಕೊಂಡು ಇರು. ಅದು ಮುನಿಯಣ್ಣ ಬುಟ್ಟಿರೋ ಜಾಗ, ಅದ್ನ ಮುಟ್ಟಿದ್ರೆ ಹಾಡೇ ಹೋಯ್ತದೆ” ಅಂದ. ಅಲ್ಲಿದ್ದವರೆಲ್ಲ ಎರಡು ಪಾರ್ಟಿಯಾದರು. ಕೊನೆಗೆ ಅಕ್ಕ ಹೇಳಿದ ಹಾಗೆ ಆಗಲಿ ಎಂದು ನನ್ನ ಕುತ್ತಿಗೆಗೆ ಕಟ್ಟಿದರು. ಯೋಚನೆ ಮಾಡಿ ಹೇಳುತ್ತೇನೆ ಎಂದು ಎದ್ದು ಬಂದೆ. ಇಡೀ ಗುಂಪಿನಲ್ಲಿ ಸರಿಯಾಗಿ ಕಿವಿಯಿಟ್ಟು ಕೇಳಿದವಳು ಅವಳೊಬ್ಬಳೇ, ಅವಳಿಗೆ ಸುಳ್ಳು ಹೇಳಲು ನನಗೆ ಇಷ್ಟವಿಲ್ಲ.

ನನಗೆ ಆ ಸಾಲು ಗೊತ್ತಿದೆ. ನಮ್ಮ ನಡುಮನೆಯಲ್ಲಿ ಕೂತು ನೀನು ಅದನ್ನು ಕಟ್ಟಿದಾಗ ನಾನು ಅವರೆಕಾಳು ಹಿಸುಕುತ್ತಿದ್ದೆ. “ನಡ್ಕೊಂಡ್ ಬಾ, ನಡ್ಕೊಂಡ್ ಬಾ, ದೀಪ ಆರ್ಸಾಕಿಲ್ಲ.” ಎಷ್ಟು ಚೆನ್ನಾಗಿದೆ ಮಹೇಂದ್ರ. ಇದನ್ನು ಬರೆದವನು ನಡೆದುಕೊಂಡು ಬರಲಾಗದ ಊರನ್ನೇ ಹುಡುಕಿಕೊಂಡು ಹೋಗಿ, ಸಮುದ್ರದ ನಡುವೆ ಕೂತಿದ್ದಾನೆ. ಹುಡುಗಿಗೆ ಹೇಳಿಬಿಡಲೇ? ಅವಳು ಹಾಡಿದರೆ ಚೆನ್ನಾಗಿಯೇ ಹಾಡುತ್ತಾಳೆ. ಜನ ಮೆಚ್ಚುತ್ತಾರೆ, ಇನ್ನು ಮೇಲೆ ಹಾಡು ಅದೇ ಆಗಿಬಿಡುತ್ತದೆ, ನಿನ್ನ ಜಾಗ ಇತ್ತೆಂದು ಯಾರಿಗೂ ಗೊತ್ತಾಗುವುದಿಲ್ಲ. ಬೇಡ ಎಂದರೆ ಎಲ್ಲರೂ ಆಚಾರದ ಹಾಗೆ ಒಂದು ಹೆಜ್ಜೆ ಹಿಂದೆ ಸರಿದು ತಲೆ ಬಗ್ಗಿಸುತ್ತಾ ಇರುತ್ತಾರೆ, ಯಾಕೆಂದು ತಿಳಿಯದೆ. ಎರಡೂ ನನಗೆ ಒಂದೇ ಥರ ಕಾಣುತ್ತಿವೆ. ಈಗೀಗ ಉಪ್ಪು ಸಪ್ಪೆಯೂ ನನಗೆ ತಿಳಿಯುತ್ತಿಲ್ಲ, ಅಮೂಲ್ಯ ರುಚಿ ನೋಡಿ ಹೇಳುತ್ತಾಳೆ. ಆದ್ದರಿಂದ ಸಾಲು ಕಟ್ಟಿದವನನ್ನೇ ಕೇಳುತ್ತಿದ್ದೇನೆ. ಕಾಗದ ತಲುಪಿದ ಮೇಲೆ ಹೂಂ, ಊಹೂಂ, ಯಾವುದಾದರೂ ಒಂದು ಹೇಳು.

ಸದ್ಯಕ್ಕೆ ಇಷ್ಟು. ಮಂಡಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚು. ಅಮೂಲ್ಯ ಚಿಕ್ಕಪ್ಪನಿಗೆ ನಮಸ್ಕಾರ ತಿಳಿಸು ಎಂದಿದ್ದಾಳೆ, ಜೊತೆಗೆ ನೀನು ಫೋಟೋದಲ್ಲಿ ಹಾಕಿಕೊಂಡಿರುವ ಕಪ್ಪು ಜಾಕೆಟ್ ಇನ್ನೂ ಇದ್ದರೆ ಅದು ತನಗೆ ಬೇಕಂತೆ. ಚೆಲುವಯ್ಯನೂ ಕೇಳಿದ್ದಾನೆ. ಅಪ್ರಮೇಯಸ್ವಾಮಿ ನಿನ್ನನ್ನು ಚೆನ್ನಾಗಿಟ್ಟಿರಲಿ. ಮೊನ್ನೆ ದೊಡ್ಡಮಳೂರಿಗೆ ಹೋಗಿದ್ದಾಗ ನಿನ್ನ ಹೆಸರಿನಲ್ಲೂ ಅರ್ಚನೆ ಮಾಡಿಸಿದೆ.

ನಿನ್ನ ಅತ್ತಿಗೆ,
ಶಾಲಿನಿ

ವಿ.ಸೂ.: ಚೆಲುವಯ್ಯ ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದಾನೆ, ಪೋಸ್ಟಾಫೀಸು ಮುಚ್ಚುತ್ತದೆ ಎಂದು ಹಾರನ್ ಹೊಡೆಯುತ್ತಿದ್ದಾನೆ. ಬೇಗ ಬೇಗ ಬರೆಯುತ್ತಿದ್ದೇನೆ. ಮೇಲೆ ಬರೆದದ್ದನ್ನು ಓದಿಕೊಂಡೆ, ಹೇಳಬೇಕಾದ್ದನ್ನೇ ಬಿಟ್ಟಿದ್ದೇನೆ. ನಿಮ್ಮಣ್ಣ ಬೇರೆ ಹಾಡುಗಳನ್ನೆಲ್ಲ ಪೂರ್ತಿ ಹಾಡುತ್ತಿದ್ದರು. ‘ಕೊನೆ ಬಸ್ಸು’ ಮಾತ್ರ ಹೆಂಗೆ ಬರ್ಲಿ ನಾನು ಎಂಬಲ್ಲಿಗೆ ನಿಲ್ಲುತ್ತಿತ್ತು. ಮುಂದಿನ ಚರಣ ಮರೆತಿದ್ದಾರೆ ಎಂದು ಅಮೂಲ್ಯ ಎತ್ತಿಕೊಟ್ಟರೆ ಸಿಡುಕುತ್ತಿದ್ದರು. ಮತ್ತೆ ಮೊದಲಿನಿಂದ ಹಾಡಿ ಮತ್ತೆ ಅಲ್ಲೇ ನಿಲ್ಲುತ್ತಿದ್ದರು. ಮಂಚದ ಸುತ್ತ ಕೂತ ಹುಡುಗರು ಭಕ್ತಿಯಿಂದ ತಲೆ ಬಗ್ಗಿಸುತ್ತಿದ್ದರು. ಒಂದು ದಿನ ಯಾರೂ ಇಲ್ಲದಾಗ ನನಗೆ ಹೊಳೆಯಿತು, ನಿನ್ನ ಸಾಲನ್ನು ನಾನೇ ಹಾಡಿದೆ, ನನಗೆ ಬಂದ ಹಾಗೆ. ಕೇಳಿ ನಕ್ಕರು. ಆಮೇಲೆ ಅಲ್ಲ ಎಂದು ತಲೆಯಾಡಿಸಿ, ಎಡಗೈ ಎತ್ತಿ ಬಾಗಿಲ ಕಡೆ ತೋರಿಸಿದರು. ಅವತ್ತು ಸಂಜೆ ಬಾಗಿಲ ಬಲ್ಬು ಹಾಕಿದೆ. ಅದನ್ನು ಆರಿಸಬೇಡ ಎಂದು ಅವರು ಸನ್ನೆ ಮಾಡಿದರು. ಹೋಗುವ ತನಕ ಮಂಚವನ್ನು ಆ ಕಡೆಗೇ ತಿರುಗಿಸಿಕೊಂಡಿದ್ದರು. ನಯನಳಿಗೆ ಬೇಡ ಎಂದೇ ಹೇಳುತ್ತೇನೆ, ನಾನು ಹಾಡಿದ್ದೇ ಆಗಲಿಲ್ಲ ಎಂದ ಮೇಲೆ ಅವಳು ಹಾಡಿದ್ದೂ ಆಗುವುದಿಲ್ಲ. ನೀನು ಬಂದು ಹಾಡಿದರೆ ಹಾಡು, ಬರದಿದ್ದರೆ ಅದು ಖಾಲಿಯೇ ಇರಲಿ. ಸ್ವಿಚ್ಚು ಕೆಟ್ಟಿಲ್ಲ, ಮಹೇಂದ್ರ.